ಫರ್ನೇಸ್ ಕೈಕೊಟ್ಟರೆ ಮೊದಲು ಏನು, ಆಮೇಲೆ ಏನು

ಮನೆಗೆಲ್ಲ ಬಿಸಿಗಾಳಿ ಕೊಡುವ ಯಂತ್ರವಾದ ಫರ್ನೇಸ್ ಕೈಕೊಡುವುದು ಜನವರಿಯಲ್ಲೇ. ಜುಲೈನಲ್ಲಿ ಅದನ್ನು ಯಾರೂ ಓಡಿಸುವುದೇ ಇಲ್ಲವಲ್ಲ! ಶಿಕಾಗೋ ಪಕ್ಕದ ನಮ್ಮ ಮನೆಯಲ್ಲೂ ಹಾಗೇ ಆಯಿತು. ಊರಿಂದ ಅತ್ತೆ ಮಾವ ಬಂದಿದ್ದ ಚಳಿಗಾಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಮೂಗಿನ ತುದಿ ತಣ್ಣಗಿತ್ತು. ಕೆಳಗೆ ಬೇಸ್‌ಮೆಂಟಿನಲ್ಲಿ ಗುಂಯ್ ಅಂತ ಸದ್ದು ಶುರುವಾಗುತ್ತದೆ, ಟಿಕ್ ಅನ್ನುತ್ತದೆ, ಭುಸ್ ಅಂತ ಹೊತ್ತಿಕೊಳ್ಳುತ್ತದೆ. ಇನ್ನೇನು ಬಿಸಿಗಾಳಿ ಬಂತು ಅನ್ನುವಷ್ಟರಲ್ಲಿ ಆರಿಹೋಗುತ್ತದೆ. ಮತ್ತೆ ಗುಂಯ್.

ನಾನು ಮಾಡಿದ್ದೇನು ಗೊತ್ತಾ? ಬ್ರೇಕರ್ ಆಫ್ ಮಾಡಿ ಆನ್ ಮಾಡಿದೆ. ಸ್ವಲ್ಪ ಹೊತ್ತು ಓಡಿತು. ಮಲಗಿದೆ. ಮತ್ತೆ ನಿಂತಿತು, ಮತ್ತೆ ಬ್ರೇಕರ್. ಬೆಳಗಾಗುವಷ್ಟರಲ್ಲಿ ಮೂರು ಸಲ ಆಯಿತು. ಕಾಫಿ ಕುಡಿಯುವಾಗ ಮಾವ ಹಣೆ ಒತ್ತಿಕೊಳ್ಳುತ್ತಾ, "ರಾತ್ರಿಯಿಂದ ತಲೆ ಸಿಡೀತಿದೆ ಅಳಿಯಂದ್ರೇ, ಜೆಟ್‌ಲ್ಯಾಗ್ ಇರಬೇಕು" ಅಂದರು. ನಾನೂ ಹೌದು ಅಂದೆ.

ಮಧ್ಯಾಹ್ನ ಬಂದ ಟೆಕ್ನಿಷಿಯನ್ ತೆಳ್ಳಗಿನ ಕ್ಯಾಮೆರಾವೊಂದನ್ನು ಫರ್ನೇಸಿನ ಹೊಟ್ಟೆಯೊಳಗೆ ಬಿಟ್ಟು ಪರದೆ ನನ್ನ ಕಡೆ ತಿರುಗಿಸಿದರು. ತುಕ್ಕು ಬಣ್ಣದ ತಗಡು ಬಾಗಿದ ಕಡೆ ಕೂದಲೆಳೆಯಷ್ಟು ಬಿರುಕು. ಅಷ್ಟೇ. ಅವರು ಗ್ಯಾಸ್ ಬಂದ್ ಮಾಡಿ, ಓಡಿಸಬಾರದು ಅನ್ನುವ ಕೆಂಪು ಚೀಟಿ ಅಂಟಿಸಿದರು. ನಾನು ರಾತ್ರಿಯಿಡೀ ಏನು ಮಾಡುತ್ತಿದ್ದೆ ಅನ್ನುವುದು ಆಗ ತಲೆಗೆ ಹೋಯಿತು. ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತಿದ್ದ ಯಂತ್ರವನ್ನು ಬಡಿದೆಬ್ಬಿಸಿ ಮತ್ತೆ ಮತ್ತೆ ಓಡಿಸುತ್ತಿದ್ದೆ.

ಅಮೆರಿಕದಲ್ಲೋ ಕೆನಡಾದಲ್ಲೋ ಗ್ಯಾಸ್ ಫರ್ನೇಸ್ ಇರುವ ಮನೆಯಲ್ಲಿ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಬೇರೆಲ್ಲ ಮರೆತರೂ ಪರವಾಗಿಲ್ಲ, ಒಂದು ನೆನಪಿಡಿ: ತಾನಾಗಿ ನಿಂತ ಫರ್ನೇಸನ್ನು ಬಲವಂತ ಮಾಡಿ ಓಡಿಸಬೇಡಿ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಬೆಳಗಿನವರೆಗೆ ತಳ್ಳೋಣ" ಅನ್ನುವ ನಮ್ಮ ಬುದ್ಧಿ ಎಷ್ಟೋ ಕಡೆ ಕಾಪಾಡಿದೆ. ಇಲ್ಲಿ ಕಾಪಾಡುವುದಿಲ್ಲ.

ವಾಸನೆ ಬಂದರೆ, ಅಲಾರಂ ಕೂಗಿದರೆ

ರಿಪೇರಿ ಮಾತು ಆಮೇಲೆ. ಎರಡು ಸಂದರ್ಭಗಳಲ್ಲಿ ಫರ್ನೇಸ್ ಹತ್ತಿರ ಹೋಗುವುದೇ ತಪ್ಪು.

ಮೊದಲನೆಯದು ಕೊಳೆತ ಮೊಟ್ಟೆಯ ವಾಸನೆ. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಮರ್ಕ್ಯಾಪ್ಟನ್ ಅನ್ನುವ ನಾರುವ ರಾಸಾಯನಿಕ ಬೆರೆಸಿರುತ್ತಾರೆ. ನಮ್ಮ ಊರಿನ ಸಿಲಿಂಡರ್ ಗ್ಯಾಸಿಗೆ ಬೆರೆಸುವುದೂ ಅದೇ ಜಾತಿಯದು, ಹಾಗಾಗಿ ಊರಿಂದ ಬಂದ ಅಮ್ಮಂದಿರ ಮೂಗಿಗೆ ಇದು ಬೇಗ ಸಿಗುತ್ತದೆ. ಅವರು ಹೇಳಿದರೆ "ಏನಿಲ್ಲ ಬಿಡಿ" ಅನ್ನಬೇಡಿ. ಊರಲ್ಲಿ ನಾವು ರೆಗ್ಯುಲೇಟರ್ ತಿರುಗಿಸಿ ಕಿಟಕಿ ತೆಗೆದು ನಿಭಾಯಿಸುತ್ತೇವೆ. ಸಿಲಿಂಡರಿನಲ್ಲಿ ಇರುವುದು ಹದಿನಾಲ್ಕು ಕಿಲೋ ಚಿಲ್ಲರೆ, ಅಡುಗೆಮನೆ ಕಿಟಕಿಗೂ ಒಂದು ಕೈ ಅಳತೆ. ಇಲ್ಲಿ ಗ್ಯಾಸು ಬೀದಿಯ ಪೈಪಿನಿಂದ ಬರುತ್ತಲೇ ಇರುತ್ತದೆ, ಮನೆ ಡಬ್ಬಿಯ ಹಾಗೆ ಮುಚ್ಚಿರುತ್ತದೆ. ಆದ್ದರಿಂದ ಹೀಗೆ ಮಾಡಿ:

1. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ. ಎರಡರಲ್ಲೂ ಕಿಡಿ ಹಾರಬಹುದು. ದೇವರ ಮುಂದಿನ ದೀಪ ಹಚ್ಚಲು ಕಡ್ಡಿ ಗೀರಬೇಡಿ ಅಂತ ಹಿರಿಯರಿಗೆ ಮೊದಲೇ ಹೇಳಿಟ್ಟಿರಿ.
2. ಒಳಗಿಂದ ಫೋನ್ ಮಾಡಬೇಡಿ. ಗ್ಯಾರೇಜ್ ಬಾಗಿಲಿನ ಗುಂಡಿ ಒತ್ತಬೇಡಿ. ಗ್ಯಾರೇಜಿನೊಳಗಿನ ಕಾರನ್ನೂ ಸ್ಟಾರ್ಟ್ ಮಾಡಬೇಡಿ.
3. ಎಲ್ಲರನ್ನೂ ಎಬ್ಬಿಸಿ, ಕೈಗೆ ಸಿಕ್ಕ ಜಾಕೆಟ್ ಹಾಕಿಸಿ, ಹೊರಗೆ ನಡೆಯಿರಿ. ಕಿಟಕಿ ಹುಡುಕುತ್ತಾ ನಿಲ್ಲಬೇಡಿ.
4. ಪಕ್ಕದ ಮನೆ ತಲುಪಿದ ಮೇಲೆ 911ಗೋ ಗ್ಯಾಸ್ ಕಂಪನಿಯ ತುರ್ತು ನಂಬರಿಗೋ ಫೋನ್ ಮಾಡಿ. ಸೋರಿಕೆ ನೋಡಲು ಬರುವುದಕ್ಕೆ ಗ್ಯಾಸ್ ಕಂಪನಿಯವರು ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ. ಸುಮ್ನೆ ತೊಂದರೆ ಕೊಟ್ಟ ಹಾಗಾಗುತ್ತೇನೋ ಅನ್ನುವ ಸಂಕೋಚ ಬೇಡ.

ಎರಡನೆಯದು ಕಾರ್ಬನ್ ಮಾನಾಕ್ಸೈಡ್. ಇದಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಬೆಂಗಳೂರಿನಲ್ಲಿ ಗ್ಯಾಸ್ ಗೀಸರ್ ಇದ್ದ ಬಚ್ಚಲಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಓದಿರುತ್ತೀರಿ. ಅಲ್ಲೂ ಕೊಂದದ್ದು ಇದೇ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಇದು ಹೋಗಿ ಹಿಡಿದುಕೊಳ್ಳುತ್ತದೆ, ಬೇಗ ಬಿಡುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಬರುತ್ತವೆ. ಫ್ಲೂ ಇದ್ದ ಹಾಗೇ ಇರುತ್ತದೆ, ಜ್ವರ ಮಾತ್ರ ಇರುವುದಿಲ್ಲ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದಾಗ ಇಳಿದರೆ ಅನುಮಾನ ಪಡಲೇಬೇಕು. ಅಮೆರಿಕದಲ್ಲಿ ಬೆಂಕಿ ಅನಾಹುತಗಳನ್ನು ಬಿಟ್ಟೂ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಈ ಅನಿಲದಿಂದ ಆಕಸ್ಮಿಕವಾಗಿ ಸಾಯುತ್ತಾರೆ ಅಂತ ಅಲ್ಲಿನ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ.

ಈ ಅನಿಲ ಮನೆಯಲ್ಲಿ ಸೇರಿದರೆ ಕೂಗುವ ಅಲಾರಂನ ಭಾಷೆ ಕಲಿತುಕೊಳ್ಳಿ. ನಾಲ್ಕು ಬೀಪ್, ಸ್ವಲ್ಪ ಬಿಡುವು, ಮತ್ತೆ ನಾಲ್ಕು ಬೀಪ್ ಅಂದರೆ ಕಾರ್ಬನ್ ಮಾನಾಕ್ಸೈಡ್. ಮೂರು ಮೂರು ಬೀಪ್ ಅಂದರೆ ಹೊಗೆ. ನಿಮಿಷಕ್ಕೊಮ್ಮೆ ಚಿಂವ್ ಅಂದರೆ ಬ್ಯಾಟರಿ ಮುಗಿದಿದೆ, ಇಲ್ಲವೇ ಅಲಾರಂನ ಆಯಸ್ಸೇ ಮುಗಿದಿದೆ. ನಾಲ್ಕು ಬೀಪ್ ಕೇಳಿದರೆ ಎಲ್ಲರೂ ಹೊರಗೆ ಬಂದು ತಲೆ ಎಣಿಸಿ, 911ಗೆ ಫೋನ್ ಮಾಡಿ. ಅಗ್ನಿಶಾಮಕ ದಳದವರು ಮೀಟರ್ ತಂದು ಪ್ರತಿ ಕೋಣೆ ಅಳೆಯುತ್ತಾರೆ. ಅವರು ಹೇಳುವ ತನಕ ಸ್ವೆಟರ್ ತರಲೂ ಒಳಗೆ ಹೋಗುವ ಹಾಗಿಲ್ಲ.

ಅಲಾರಂ ಸುಮ್ಮನಿದೆ ಅಂದಮಾತ್ರಕ್ಕೆ ಗಾಳಿ ಚೆನ್ನಾಗಿದೆ ಅಂತಲೂ ಅಲ್ಲ. ಸುಳ್ಳು ಕೂಗು ಕಡಿಮೆಯಾಗಲಿ ಅಂತ ಅದನ್ನು ನಿಧಾನಕ್ಕೆ ಕೂಗುವ ಹಾಗೆ ಮಾಡಿರುತ್ತಾರೆ. ಗಾಳಿಯಲ್ಲಿ 400 ಪಿಪಿಎಂ (ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 400 ಪಾಲು ಈ ಅನಿಲ) ಇದ್ದರೆ 4ರಿಂದ 15 ನಿಮಿಷದಲ್ಲಿ ಕೂಗಬೇಕು. 150 ಇದ್ದರೆ 10ರಿಂದ 50 ನಿಮಿಷ. 70 ಇದ್ದರೆ ಒಂದರಿಂದ ನಾಲ್ಕು ಗಂಟೆ ಬೇಕಾಗಬಹುದು. 30 ಪಿಪಿಎಂ ಇದ್ದರೆ ದಿನಗಟ್ಟಲೆ ಬಾಯಿ ತೆರೆಯುವುದೇ ಇಲ್ಲ. ಮಕ್ಕಳು, ಬಸುರಿಯರು, ಹೃದಯದ ತೊಂದರೆ ಇರುವ ಹಿರಿಯರು ಅಷ್ಟು ಕಾಯುವ ಸ್ಥಿತಿಯಲ್ಲಿ ಇರುವುದಿಲ್ಲ. ಅವರಿರುವ ಮನೆಗೆ ಕಡಿಮೆ ಪ್ರಮಾಣವನ್ನೂ ಅಂಕಿಯಲ್ಲಿ ತೋರಿಸುವ ಮಾನಿಟರ್ ತರುವುದು ಒಳ್ಳೆಯದು.

ನಮ್ಮ ಮನೆಯ ಅಲಾರಂ ಆ ರಾತ್ರಿ ಕೂಗಲಿಲ್ಲ. ದೀಪಾವಳಿ ಹೊತ್ತಿಗೆ ಅದು ಚಿಂವ್ ಚಿಂವ್ ಅಂತ ಪ್ರಾಣ ತಿಂದಾಗ ಬ್ಯಾಟರಿ ತೆಗೆದು ಡ್ರಾಯರಿಗೆ ಹಾಕಿದವನು ನಾನೇ.

ಹಂಡೆ ಒಲೆ ಗೊತ್ತಿದ್ದರೆ ಫರ್ನೇಸ್ ಗೊತ್ತು

ಹಳ್ಳಿಮನೆಯ ಬಚ್ಚಲಲ್ಲಿ ಹಂಡೆ ಒಲೆ ನೋಡಿದ್ದೀರಲ್ವಾ? ಬೆಂಕಿ ಹಂಡೆಯ ಕೆಳಗೆ, ನೀರು ಹಂಡೆಯ ಒಳಗೆ, ಹೊಗೆ ಗೂಡಿನಿಂದ ಹೊರಗೆ. ಮೂರೂ ಒಂದಕ್ಕೊಂದು ಸೇರಬಾರದು. ಫರ್ನೇಸೂ ಅದೇ. ಇಲ್ಲಿ ಹಂಡೆಯ ಕೆಲಸ ಮಾಡುವುದು ಹೀಟ್ ಎಕ್ಸ್‌ಚೇಂಜರ್ ಅನ್ನುವ ತಗಡಿನ ಕೊಳವೆ. ಕೊಳವೆಯ ಒಳಗೆ ಬೆಂಕಿ, ಹೊರಗೆ ನಮ್ಮ ಮನೆಯ ಗಾಳಿ. ಹಂಡೆ ಒಡೆದರೆ ನೀರು ಒಲೆಗೆ ಸುರಿದು ಬೆಂಕಿ ಆರುತ್ತದೆ, ಅಷ್ಟೇ. ಈ ತಗಡು ಬಿರುಕು ಬಿಟ್ಟರೆ ಹೊಗೆ ನಾವು ಉಸಿರಾಡುವ ಗಾಳಿಗೆ ಬೆರೆತು ಮಕ್ಕಳ ಕೋಣೆಯವರೆಗೂ ಹೋಗುತ್ತದೆ.

ಅದು ಓಡುವ ಕ್ರಮ ತಿಳಿದಿದ್ದರೆ ಎಲ್ಲಿ ನಿಲ್ಲುತ್ತಿದೆ ಅಂತ ಕಿವಿಯಲ್ಲೇ ಗೊತ್ತಾಗುತ್ತದೆ. ಮನೆ ಎಷ್ಟು ಬೆಚ್ಚಗಿರಬೇಕು ಅಂತ ನೋಡಿಕೊಳ್ಳುವ ಥರ್ಮೋಸ್ಟ್ಯಾಟ್ ಬಿಸಿ ಬೇಕು ಅನ್ನುತ್ತದೆ. ಮೊದಲು ಒಂದು ಸಣ್ಣ ಫ್ಯಾನ್ ತಿರುಗಿ ಹೊಗೆಯ ದಾರಿಯನ್ನು ಎಳೆದು ಚೊಕ್ಕ ಮಾಡುತ್ತದೆ, ಆ ಗುಂಯ್ ಸದ್ದು ಇದರದು. ದಾರಿ ತೆರೆದಿದೆ ಅಂತ ಪ್ರೆಶರ್ ಸ್ವಿಚ್ ಒಪ್ಪಿಕೊಂಡ ಮೇಲೆ ಇಗ್ನೈಟರ್ ಕೆಂಪಗೆ ಕಾಯುತ್ತದೆ. ಟಿಕ್ ಅಂದರೆ ಗ್ಯಾಸ್ ವಾಲ್ವ್ ತೆರೆಯಿತು. ಭುಸ್ ಅಂದರೆ ಉರಿ ಹೊತ್ತಿತು. ಫ್ಲೇಮ್ ಸೆನ್ಸರ್ ಅನ್ನುವ ಕಡ್ಡಿ ಉರಿ ನಿಜಕ್ಕೂ ಇದೆಯಾ ಅಂತ ನೋಡುತ್ತದೆ, ಕಾಣದಿದ್ದರೆ ಕೆಲವೇ ಸೆಕೆಂಡಿನಲ್ಲಿ ಗ್ಯಾಸ್ ನಿಲ್ಲಿಸುತ್ತದೆ. ಅರ್ಧದಿಂದ ಒಂದು ನಿಮಿಷ ಬಿಟ್ಟು ದೊಡ್ಡ ಬ್ಲೋಯರ್ ಶುರುವಾಗಿ ಬಿಸಿಗಾಳಿ ಬರುತ್ತದೆ. ಹೊತ್ತಿಸಲು ಹೋಗಿ ಕೆಲವು ಸಲ ಸೋತ ಮೇಲೆ, ಇದನ್ನೆಲ್ಲ ನಡೆಸುವ ಎಲೆಕ್ಟ್ರಾನಿಕ್ ಬೋರ್ಡು ಬಾಗಿಲು ಹಾಕಿಕೊಂಡು ಕೂರುತ್ತದೆ. ಬ್ರೇಕರ್ ಆರಿಸಿ ಹಾಕಿದಾಗ ನಾವು ಆ ಬಾಗಿಲನ್ನು ಒದ್ದು ತೆಗೆಯುತ್ತೇವೆ.

ಹೊತ್ತಿದ ನಾಲ್ಕೈದು ಸೆಕೆಂಡಿಗೇ ಆರಿದರೆ ಬಹುಪಾಲು ಫ್ಲೇಮ್ ಸೆನ್ಸರಿಗೆ ಮಸಿ ಹಿಡಿದಿರುತ್ತದೆ. ಟೆಕ್ನಿಷಿಯನ್‌ಗೆ ಅದು ಹತ್ತು ನಿಮಿಷದ ಕೆಲಸ. ಆದರೆ ಬ್ಲೋಯರ್ ಶುರುವಾದ ತಕ್ಷಣ ಉರಿ ಓಲಾಡಿದರೆ ಅಥವಾ ಆರಿದರೆ ವಿಷಯ ಬೇರೆ. ಬ್ಲೋಯರಿನ ಗಾಳಿ ಬೆಂಕಿಯ ಕಡೆ ನುಗ್ಗುತ್ತಿದೆ, ಅಂದರೆ ನಡುವೆ ಎಲ್ಲೋ ತೂತು ಇರಬಹುದು. ನಮ್ಮದು ಇದೇ ಆಗಿತ್ತು.

ಪೂರ್ತಿ ಆಫ್ ಮಾಡುವುದು

ವಾಸನೆ ಇಲ್ಲ, ಅಲಾರಂ ಇಲ್ಲ, ಆದರೂ ಫರ್ನೇಸ್ ಸರಿಯಿಲ್ಲ ಅನ್ನಿಸಿದರೆ ಆಫ್ ಮಾಡಿ. ಚಳಿಗಾಲ ಶುರುವಾಗುವ ಮೊದಲೇ ಒಂದು ಸಲ ಬೇಸ್‌ಮೆಂಟಿಗೆ ಇಳಿದು ಇವೆಲ್ಲ ಎಲ್ಲಿವೆ ಅಂತ ಮನೆಯವರಿಗೂ ತೋರಿಸಿ.

ಮೊದಲು ಥರ್ಮೋಸ್ಟ್ಯಾಟನ್ನು ಆಫ್‌ಗೆ ಇಡಿ. ಆಮೇಲೆ ಫರ್ನೇಸಿನ ಪಕ್ಕದಲ್ಲೋ ಬೇಸ್‌ಮೆಂಟ್ ಮೆಟ್ಟಿಲಿನ ತಲೆಯಲ್ಲೋ ಇರುವ ಅದರದೇ ಸ್ವಿಚ್ ಆರಿಸಿ. ಇದು ಥೇಟ್ ದೀಪದ ಸ್ವಿಚ್ಚಿನ ಹಾಗೇ ಇರುತ್ತದೆ. ಕೆಲವು ಮನೆಗಳಲ್ಲಿ ಕೆಂಪು ತಟ್ಟೆ ಇರುತ್ತದೆ, ಕೆಲವು ಕಡೆ ಅದೂ ಇಲ್ಲ. "ಫರ್ನೇಸ್ ಕೆಟ್ಟಿದೆ" ಅಂತ ಕರೆದಾಗ ಯಾರೋ ದೀಪ ಅಂದುಕೊಂಡು ಇದನ್ನು ಆರಿಸಿದ್ದು ಪತ್ತೆಯಾಗುವುದೂ ಉಂಟು. ಇದು ಸಿಗದಿದ್ದರೆ ಬ್ರೇಕರ್ ಆರಿಸಿ. ಕೊನೆಗೆ ಫರ್ನೇಸಿಗೆ ಹೋಗುವ ಗ್ಯಾಸ್ ಪೈಪಿನ ಮೇಲಿನ ಹಿಡಿಕೆಯನ್ನು ಕಾಲು ಸುತ್ತು ತಿರುಗಿಸಿ. ಹಿಡಿಕೆ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ನಿಂತರೆ ಮುಚ್ಚಿದೆ. ನೀರು ಕಾಯಿಸುವ ಹೀಟರಿಗೆ ಬೇರೆ ಹಿಡಿಕೆ ಇರುತ್ತದೆ, ಅದನ್ನು ಗೊಂದಲ ಮಾಡಿಕೊಳ್ಳಬೇಡಿ.

ಹೊರಗಿನ ಮೀಟರ್ ಹತ್ತಿರ ಮುಚ್ಚಿದ ಗ್ಯಾಸನ್ನು ನೀವೇ ತೆರೆಯುವ ಹಾಗಿಲ್ಲ. ಗ್ಯಾಸ್ ಕಂಪನಿಯವರೇ ಬಂದು ಪರೀಕ್ಷೆ ಮಾಡಿ ತೆರೆಯಬೇಕು.

ಬೇಸ್‌ಮೆಂಟಿನಲ್ಲಿ ನೀರು ನಿಂತಿದ್ದರೆ ಇಳಿಯಲೇಬೇಡಿ. ನೀರಿನಲ್ಲಿ ಕರೆಂಟ್ ಹರಿಯುತ್ತಿರಬಹುದು. ಬೇಸ್‌ಮೆಂಟಿಗೆ ಬಂದ ನೀರನ್ನು ಹೊರಗೆ ಹಾಕುವ ಸಂಪ್ ಪಂಪ್ ಕೈಕೊಟ್ಟು ಫರ್ನೇಸ್ ಅರ್ಧ ಮುಳುಗಿತ್ತು ಅನ್ನಿ, ನೀರು ಇಳಿದು ನೆಲ ಒಣಗಿದ ಮೇಲೆ ಹೊತ್ತಿಸಿ ನೋಡುವ ಆಸೆ ಬರುತ್ತದೆ. ಬೇಡ. ಒಮ್ಮೆ ಮುಳುಗಿದ ಗ್ಯಾಸ್ ವಾಲ್ವಿನ ಒಳಗೆ ಕೆಸರು, ತುಕ್ಕು ಕೂತಿರುತ್ತದೆ. ಅದು ತೆರೆದು ಮತ್ತೆ ಮುಚ್ಚದೇ ಹೋಗಬಹುದು. ಮುಳುಗಿದ ವಾಲ್ವನ್ನು ಒಣಗಿಸಿ ಬಳಸುವ ಪ್ರಶ್ನೆಯೇ ಇಲ್ಲ, ಬದಲಾಯಿಸಬೇಕು. ಎಷ್ಟೋ ಸಲ ಪೂರ್ತಿ ಫರ್ನೇಸೇ ಹೋಗುತ್ತದೆ.

ನೀವೇ ನೋಡಬಹುದಾದ್ದು

ಟೆಕ್ನಿಷಿಯನ್ ಬರುವ ಮೊದಲು ಹತ್ತು ನಿಮಿಷ ಕೊಡಿ. ಇವುಗಳಲ್ಲಿ ಯಾವುದಕ್ಕೂ ಸ್ಪ್ಯಾನರ್ ಬೇಕಾಗಿಲ್ಲ. ಪರದೆ ಖಾಲಿ ಇದ್ದರೆ ಥರ್ಮೋಸ್ಟ್ಯಾಟಿನ ಬ್ಯಾಟರಿ ಬದಲಿಸಿ. ಫರ್ನೇಸಿನ ಬಾಗಿಲ ತಗಡು ಸರಿಯಾಗಿ ಕೂತಿದೆಯಾ ನೋಡಿ. ಅದರ ಹಿಂದೆ ಒಂದು ಸಣ್ಣ ಸ್ವಿಚ್ ಇದೆ, ತಗಡು ಒತ್ತದಿದ್ದರೆ ಯಂತ್ರ ಏಳುವುದಿಲ್ಲ. ಆ ಸ್ವಿಚ್ಚಿಗೆ ಟೇಪ್ ಸುತ್ತಿ ಬಾಗಿಲಿಲ್ಲದೆ ಓಡಿಸುವುದನ್ನು ವೀಡಿಯೋಗಳಲ್ಲಿ ತೋರಿಸುತ್ತಾರೆ. ನೀವು ಮಾಡಬೇಡಿ.

ಆಮೇಲೆ ಫಿಲ್ಟರ್. ಫರ್ನೇಸ್ ನಿಂತುಹೋಗುವುದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣಗಳಲ್ಲಿ ಇದೂ ಒಂದು. ನಾನು ಮೊದಲ ವರ್ಷ ಫಿಲ್ಟರ್ ಎಳೆದಾಗ ಹಳೇ ಕಂಬಳಿ ತುಂಡು ಕೈಗೆ ಬಂದ ಹಾಗಿತ್ತು. ನಮ್ಮ ಮನೆಯಲ್ಲಂತೂ ಒಗ್ಗರಣೆ ಹೊಗೆಯ ಜಿಡ್ಡೂ ಸೇರಿ ಬೇಗ ಕಪ್ಪಾಗುತ್ತದೆ. ಗಾಳಿ ಕಟ್ಟಿದರೆ ತಗಡು ವಿಪರೀತ ಕಾಯುತ್ತದೆ, ಲಿಮಿಟ್ ಸ್ವಿಚ್ ಉರಿ ನಿಲ್ಲಿಸುತ್ತದೆ, ತಣಿದ ಮೇಲೆ ಮತ್ತೆ ಹೊತ್ತಿಸುತ್ತದೆ. ವರ್ಷಗಟ್ಟಲೆ ಹೀಗೆ ಕಾದು ತಣಿದು, ಕಾದು ತಣಿದು ತಗಡು ಬಿರುಕು ಬಿಡುತ್ತದೆ. ಹತ್ತಿಪ್ಪತ್ತು ಡಾಲರಿನ ಫಿಲ್ಟರಿಗೆ ಜಿಪುಣತನ ಮಾಡಿದರೆ ಕೊನೆಗೆ ಸಾವಿರಾರು ಡಾಲರ್ ಕೊಡಬೇಕಾಗುತ್ತದೆ. ಒಂದಿಂಚು ದಪ್ಪದ್ದನ್ನು ಒಂದರಿಂದ ಮೂರು ತಿಂಗಳಿಗೆ, ನಾಲ್ಕೈದು ಇಂಚಿನದ್ದನ್ನು ಆರರಿಂದ ಹನ್ನೆರಡು ತಿಂಗಳಿಗೆ ಬದಲಿಸಿ. ಅಂಚಿನಲ್ಲಿರುವ ಬಾಣದ ಗುರುತು ಫರ್ನೇಸಿನ ಕಡೆ ತೋರಿಸಬೇಕು. ಫಿಲ್ಟರ್ ಎಷ್ಟು ಸಣ್ಣ ದೂಳು ಹಿಡಿಯುತ್ತದೆ ಅನ್ನುವುದಕ್ಕೆ ಮರ್ವ್ ಅಂತ ಒಂದು ಸಂಖ್ಯೆ ಇರುತ್ತದೆ. ಅದು ಹೆಚ್ಚಿದ್ದರೆ ಒಳ್ಳೆಯದು ಅಂತ ತೆಳ್ಳಗಿನ ಜಾಗಕ್ಕೆ ಮರ್ವ್ 13 ತುರುಕಬೇಡಿ. ಹಳೇ ಫರ್ನೇಸಿಗೆ ಅದು ಮೂಗು ಹಿಡಿದ ಹಾಗೆ. ಮರ್ವ್ 8 ಸಾಕು.

ಹಿಮ ಬಿದ್ದಿದ್ದರೆ ಹೊರಗೆ ಹೋಗಿ ಗೋಡೆ ಸುತ್ತಿ ಬನ್ನಿ. ಹೆಚ್ಚು ಎಫಿಷಿಯೆನ್ಸಿಯ ಫರ್ನೇಸಿಗೆ ಹೊಗೆಗೂಡು ಇರುವುದಿಲ್ಲ. ಗೋಡೆಯಿಂದ ಎರಡು ಬಿಳಿ ಪಿವಿಸಿ ಪೈಪು ಹೊರಗೆ ಬಂದಿರುತ್ತವೆ, ಒಂದು ಗಾಳಿ ಎಳೆಯಲು, ಒಂದು ಹೊಗೆ ಬಿಡಲು. ಗಾಳಿಗೆ ಹಿಮ ಗುಡ್ಡೆ ಬಿದ್ದು ಇವು ಮುಚ್ಚಿಹೋದರೆ ಪ್ರೆಶರ್ ಸ್ವಿಚ್ ಒಪ್ಪುವುದಿಲ್ಲ. ಕೈಯಲ್ಲೇ ಮೆಲ್ಲಗೆ ಬಿಡಿಸಿ. ಸಲಿಕೆಯಲ್ಲಿ ಹೊಡೆದು ಪೈಪು ಮುರಿದುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಇದೇ ಜಾತಿಯ ಫರ್ನೇಸಿನಿಂದ ನೀರೂ ಹೊರಗೆ ಹರಿಯುತ್ತಿರುತ್ತದೆ. ಅದರ ಸಣ್ಣ ಕೊಳವೆ ಕಟ್ಟಿದರೂ ನಿಲ್ಲುತ್ತದೆ, ಬುಡದಲ್ಲಿ ನೀರು ಕಾಣುತ್ತದೆ.

ಕೊನೆಗೆ, ಬಾಗಿಲ ತಗಡಿನ ಸಣ್ಣ ಗಾಜಿನ ಕಿಂಡಿಯೊಳಗೆ ಒಂದು ಎಲ್‌ಇಡಿ ಮಿಣುಕುತ್ತಿರುತ್ತದೆ. ಎಷ್ಟು ಸಲ ಮಿಣುಕಿ ನಿಲ್ಲುತ್ತದೆ ಅಂತ ಎಣಿಸಿ, ಫೋನಿನಲ್ಲಿ ವೀಡಿಯೋ ಮಾಡಿಟ್ಟುಕೊಳ್ಳಿ. ಬ್ರೇಕರ್ ಆರಿಸಿದರೆ ಕೆಲವು ಬೋರ್ಡುಗಳು ಇದನ್ನು ಮರೆತುಬಿಡುತ್ತವೆ, ಆದ್ದರಿಂದ ಮೊದಲು ಎಣಿಕೆ, ಆಮೇಲೆ ಆಫ್. ಅದರ ಅರ್ಥ ಬಾಗಿಲ ಒಳಮುಖದಲ್ಲಿ ಅಂಟಿಸಿರುತ್ತಾರೆ.

ಚಳಿಗಾಲದಲ್ಲಿ ಮೊದಲ ಸಲ ಹಾಕಿದಾಗ ಸುಟ್ಟ ದೂಳಿನ ವಾಸನೆ ಬಂದರೆ ಹೆದರಬೇಡಿ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಮಾತ್ರ ತಕ್ಷಣ ಆರಿಸಿ.

ಇಲ್ಲಿಗೆ ಕೈ ನಿಲ್ಲಲಿ

ಉರಿ ನೀಲಿಯಾಗಿ ನೆಟ್ಟಗೆ ಇರಬೇಕು. ಹಳದಿಯಾಗಿ ನಾಲಿಗೆ ಚಾಚುತ್ತಿದ್ದರೆ, ಬರ್ನರ್ ಸುತ್ತ ಮಸಿ ಕಂಡರೆ, ಬಣ್ಣ ಸುಟ್ಟ ಗುರುತಿದ್ದರೆ ಆಫ್ ಮಾಡಿ. ಬರ್ನರ್ ಪಕ್ಕ ರೋಲ್‌ಔಟ್ ಸ್ವಿಚ್ ಅಂತ ಇರುತ್ತದೆ, ಮಧ್ಯೆ ಒಂದು ಪುಟ್ಟ ಗುಂಡಿ. ಬೆಂಕಿ ಒಳಗೆ ಹೋಗುವ ಬದಲು ಹೊರಗೆ ನುಗ್ಗಿದಾಗ ಇದು ಕಡಿದುಕೊಳ್ಳುತ್ತದೆ. ಗುಂಡಿ ಒತ್ತಿದರೆ ಫರ್ನೇಸ್ ಓಡುತ್ತದೆ ನಿಜ, ಆದರೆ ಬೆಂಕಿ ಯಾಕೆ ಹೊರಗೆ ಬಂತು ಅನ್ನುವುದು ಹಾಗೇ ಉಳಿಯುತ್ತದೆ. ಪ್ರೆಶರ್ ಸ್ವಿಚ್ಚಿಗೆ ತುಂಡು ವೈರ್ ಹಾಕಿ ದಾಟಿಸುವುದು ಇದಕ್ಕಿಂತ ಕೆಟ್ಟದ್ದು. ಇಗ್ನೈಟರನ್ನು ಬೆರಳಲ್ಲಿ ಮುಟ್ಟಬೇಡಿ. ಚರ್ಮದ ಎಣ್ಣೆ ತಾಗಿದರೂ ಅದರ ಆಯಸ್ಸು ಕಡಿಮೆಯಾಗುತ್ತದೆ, ಕೆಲವು ಬಳಪದ ಹಾಗೆ ಮುರಿಯುತ್ತವೆ.

ನ್ಯೂಯಾರ್ಕ್, ನ್ಯೂ ಇಂಗ್ಲೆಂಡ್ ಕಡೆ ಹಳೇ ಮನೆಗಳಲ್ಲಿ ಎಣ್ಣೆ ಫರ್ನೇಸ್ ಇರುತ್ತದೆ. ಅದರ ಕೆಂಪು ರೀಸೆಟ್ ಗುಂಡಿಯನ್ನು ಒಂದೇ ಸಲ ಒತ್ತಿ. ಹೊತ್ತದಿದ್ದರೆ ಬಿಟ್ಟುಬಿಡಿ. ಪ್ರತಿ ಸಲ ಒತ್ತಿದಾಗಲೂ ಒಳಗೆ ಎಣ್ಣೆ ಚಿಮ್ಮಿ ನಿಲ್ಲುತ್ತದೆ, ಕೊನೆಗೆ ಹೊತ್ತಿದಾಗ ಎಲ್ಲ ಒಟ್ಟಿಗೆ ಉರಿಯುತ್ತದೆ.

ಬಿರುಕು ಅಂದರು. ನಂಬುವುದಾ?

ಟೆಕ್ನಿಷಿಯನ್ "ಹೀಟ್ ಎಕ್ಸ್‌ಚೇಂಜರ್ ಒಡೆದಿದೆ, ಹೊಸ ಫರ್ನೇಸೇ ಹಾಕಬೇಕು" ಅಂದಾಗ ನಮ್ಮವರಿಗೆ ಮೊದಲು ಬರುವ ಅನುಮಾನ, ಇವನು ಟೋಪಿ ಹಾಕ್ತಿದ್ದಾನಾ ಅಂತ. ಅನುಮಾನ ತಪ್ಪಲ್ಲ. ಇದೇ ಮಾತು ಹೇಳಿ ಹೆದರಿಸಿ ಮಾರುವವರೂ ಇದ್ದಾರೆ. ಆದರೆ ಅನುಮಾನ ಬಗೆಹರಿಯುವ ತನಕ ಫರ್ನೇಸ್ ಆಫ್ ಇರಲಿ.

ಕ್ಯಾಮೆರಾದಲ್ಲಿ ತೋರಿಸಿ ಅಂತ ಕೇಳಿ, ಫೋಟೋ ತೆಗೆದುಕೊಳ್ಳಿ. ಹೊಗೆಯನ್ನು ಅಳೆಯುವ ಕಂಬಶ್ಚನ್ ಅನಲೈಸರ್ ಹಾಕಿದರಾ, ಅಂಕಿ ಎಷ್ಟು ಬಂತು ಅಂತ ಕೇಳಿ ಬರೆಸಿಕೊಳ್ಳಿ. ಬ್ಲೋಯರ್ ಓಡುವಾಗಲೂ ನಿಂತಾಗಲೂ ಉರಿ ಹೇಗಿತ್ತು ಅಂತ ಕೇಳಿ. ಇದಕ್ಕೆಲ್ಲ ಉತ್ತರ ಕೊಡದೆ ಇವತ್ತೇ ಸಹಿ ಹಾಕಿ ಅಂದರೆ ಇನ್ನೊಂದು ಲೈಸೆನ್ಸ್ ಇರುವ ಕಂಪನಿಯವರನ್ನು ಕರೆಸಿ. ಮಾರಾಟ ಮಾಡದೆ ಬರೀ ಪರೀಕ್ಷೆಗೆ ದುಡ್ಡು ತೆಗೆದುಕೊಳ್ಳುವವರು ಸಿಕ್ಕರೆ ಇನ್ನೂ ಒಳ್ಳೆಯದು.

ಬಿರುಕು ನಿಜವಾದರೆ ಬೆಸುಗೆ, ಎಂಸೀಲ್ ಥರದ ತೇಪೆ ನಡೆಯುವುದಿಲ್ಲ. ತಗಡಿನ ಭಾಗವನ್ನೇ ಬದಲಿಸಬೇಕು, ಇಲ್ಲವೇ ಫರ್ನೇಸನ್ನೇ. ಫರ್ನೇಸಿನ ಆಯಸ್ಸು ಸುಮಾರು 15ರಿಂದ 20 ವರ್ಷ. ನಮ್ಮದಕ್ಕೆ 17 ಆಗಿತ್ತು, ಹೆಚ್ಚು ಯೋಚಿಸಲಿಲ್ಲ. ನಿಮ್ಮದಕ್ಕೆ ಎಂಟೋ ಹತ್ತೋ ವರ್ಷ ಆಗಿದ್ದರೆ ವಾರಂಟಿ ಹುಡುಕಿ. ಈ ಒಂದು ಭಾಗಕ್ಕೆ ಹಲವು ಕಂಪನಿಗಳು 20 ವರ್ಷ ಅಥವಾ ಅದಕ್ಕೂ ಹೆಚ್ಚು ಕೊಡುತ್ತವೆ. ಕೂಲಿ ಸಾಮಾನ್ಯವಾಗಿ ಅದರಲ್ಲಿ ಸೇರಿರುವುದಿಲ್ಲ, ಅದು ಸಣ್ಣ ಮೊತ್ತವೂ ಅಲ್ಲ.

ಕೆಂಪು ಚೀಟಿ ಕಿತ್ತು ಗ್ಯಾಸ್ ತೆರೆಯಬೇಡಿ. ಕೆನಡಾದ ಒಂಟಾರಿಯೋದಲ್ಲಿ ಇದಕ್ಕೆ ಎರಡು ದರ್ಜೆ ಇದೆ. ಎ ಅಂದರೆ ಈಗಲೇ ಅಪಾಯ, ಗ್ಯಾಸ್ ಬಂದ್. ಬಿ ಅಂದರೆ ಗಡುವಿನೊಳಗೆ ಸರಿಮಾಡಿಸಿ.

ಆ ರಾತ್ರಿ ಕಳೆಯುವುದು

ಫರ್ನೇಸ್ ಬಂದ್ ಆಯಿತು, ಹೊರಗೆ ಕೊರೆಯುವ ಚಳಿ. ಓವನ್ ಹಾಕಿ ಬಾಗಿಲು ತೆರೆದಿಡಬೇಡಿ. ಗ್ಯಾಸ್ ಒಲೆ ಹೊತ್ತಿಸಿ ಸುತ್ತ ಕೂರಬೇಡಿ. ಬಾರ್ಬೆಕ್ಯೂ ಇದ್ದಿಲನ್ನು ಒಳಗೆ ತರಬೇಡಿ. ಮಲೆನಾಡಿನ ಅಗ್ಗಿಷ್ಟಿಕೆ ನೆನಪಾಗಬಹುದು. ಅಲ್ಲಿ ಹೆಂಚಿನ ಸಂದಿಯಲ್ಲೆಲ್ಲ ಗಾಳಿ ಆಡುತ್ತದೆ. ಇಲ್ಲಿನ ಮನೆಯಲ್ಲಿ ಕಿಟಕಿಗೆ ಎರಡು ಪದರ ಗಾಜು, ಗೋಡೆ ತುಂಬ ಇನ್ಸುಲೇಷನ್. ಫರ್ನೇಸಿನಿಂದ ತಪ್ಪಿಸಿಕೊಂಡ ಅದೇ ಅನಿಲ ಇದ್ದಿಲಿನಿಂದ ಬರುತ್ತದೆ.

ಕರೆಂಟ್ ಹೀಟರ್ ಸರಿ. 1500 ವಾಟಿನದು ಇಲ್ಲಿನ 120 ವೋಲ್ಟಿನಲ್ಲಿ ಹನ್ನೆರಡೂವರೆ ಆಂಪ್ ಎಳೆಯುತ್ತದೆ, ಆದ್ದರಿಂದ ಒಂದು ಸರ್ಕ್ಯೂಟಿಗೆ ಒಂದೇ. ನೇರ ಗೋಡೆಯ ಸಾಕೆಟ್ಟಿಗೆ ಹಾಕಿ, ಎಕ್ಸ್‌ಟೆನ್ಷನ್ ಬೇಡ. ಹಾಸಿಗೆ, ಪರದೆ, ಸೀರೆ ಸೆರಗು ಎಲ್ಲವೂ ಮೂರು ಅಡಿ ದೂರ. ಎಲ್ಲರೂ ಒಂದೇ ಕೋಣೆಗೆ ಸೇರಿ ಬಾಗಿಲ ಸಂದಿಗೆ ಟವಲ್ ಒತ್ತಿ. ಮಲಗುವಾಗ ಹೀಟರ್ ಆರಿಸಿ ರಜಾಯಿ ಹೊದೆಯಿರಿ. ಜನರೇಟರ್ ಇದ್ದರೆ ಮನೆಯಿಂದ ಕನಿಷ್ಠ 20 ಅಡಿ ದೂರ, ಗ್ಯಾರೇಜಿನಲ್ಲಿ ಖಂಡಿತ ಅಲ್ಲ. ಹಿರಿಯರು, ಎಳೆ ಮಕ್ಕಳು ಇದ್ದರೆ ಯಾರಾದರೂ ಸ್ನೇಹಿತರ ಮನೆಗೆ ಹೊರಟುಬಿಡಿ. ನಾವು ಹಾಗೇ ಮಾಡಿದೆವು. ಅವರ ಮನೆಯಲ್ಲಿ ಬಿಸಿಬೇಳೆಬಾತೂ ಸಿಕ್ಕಿತು. ಆ ಸಂಜೆಯೇ ಮಾವನನ್ನು ಡಾಕ್ಟರಿಗೆ ತೋರಿಸಿ, ಕಾರ್ಬನ್ ಮಾನಾಕ್ಸೈಡ್ ಅನುಮಾನ ಅಂತ ಬಾಯಿಬಿಟ್ಟು ಹೇಳಿದೆ. ಹಾಗೆ ಹೇಳಿದರೇ ಅವರು ಅದಕ್ಕೆ ತಕ್ಕ ರಕ್ತಪರೀಕ್ಷೆ ಮಾಡುವುದು. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ, ಎಲ್ಲ ಸರಿಯಿದೆ ಅಂತಲೇ ತೋರಿಸುತ್ತದೆ.

ಮನೆ ಬಿಡುವ ಮೊದಲು ನೀರಿನ ಪೈಪು ನೆನಪಿರಲಿ. ಹೊರಗೆ 20 ಡಿಗ್ರಿ ಫ್ಯಾರನ್‌ಹೀಟಿಗಿಂತ, ಅಂದರೆ ಸುಮಾರು ಮೈನಸ್ 7 ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಪೈಪು ಹೆಪ್ಪುಗಟ್ಟಿ ಒಡೆಯಬಹುದು. 2019ರ ಜನವರಿ 30ರಂದು ಶಿಕಾಗೋದಲ್ಲಿ ಮೈನಸ್ 23 ಫ್ಯಾರನ್‌ಹೀಟ್ ಇತ್ತು, ಅಂಥ ದಿನ ಕೆಲವು ಗಂಟೆ ಸಾಕು. ಸಿಂಕಿನ ಕೆಳಗಿನ ಬಾಗಿಲು ತೆರೆದಿಡಿ, ನಲ್ಲಿಯನ್ನು ಸಣ್ಣಗೆ ಹರಿಯಲು ಬಿಡಿ. ರಾತ್ರಿ ಬರುವುದಿಲ್ಲ ಅಂದರೆ ಮುಖ್ಯ ನೀರನ್ನೇ ಬಂದ್ ಮಾಡಿ, ನಲ್ಲಿಗಳನ್ನು ತೆರೆದು ಖಾಲಿ ಮಾಡಿ ಹೊರಡಿ.

ಬಾಡಿಗೆ ಮನೆಯಾದರೆ ರಿಪೇರಿಯ ಉಸಾಬರಿ ನಿಮ್ಮದಲ್ಲ. ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ಗಂಟೆ ಗಂಟೆಗೆ ಥರ್ಮೋಸ್ಟ್ಯಾಟಿನ ಫೋಟೋ ತೆಗೆಯಿರಿ. ಶಿಕಾಗೋ ನಗರದಲ್ಲಿ ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಹಗಲು 68, ರಾತ್ರಿ 66 ಡಿಗ್ರಿ ಫ್ಯಾರನ್‌ಹೀಟ್ ಕೊಡುವುದು ಮಾಲೀಕರ ಹೊಣೆ. ಕೊಡದಿದ್ದರೆ ನಗರಾಡಳಿತದ ದೂರಿನ ನಂಬರ್ 311ಕ್ಕೆ ದೂರು ಕೊಡಿ.

ಹೊಸದು ಬಂದ ಮೇಲೆ

ಹೊಸ ಫರ್ನೇಸ್ ಹಾಕುವಾಗ ಊರಿನ ಪರ್ಮಿಟ್ ಬೇಕಾ ಕೇಳಿ. "ಅದೆಲ್ಲ ಬೇಡ, ಸ್ವಲ್ಪ ಕಡಿಮೆ ಮಾಡ್ತೀವಿ" ಅನ್ನುವವರ ಸಹವಾಸ ಬೇಡ. ಇನ್ಸ್‌ಪೆಕ್ಟರ್ ಬಂದು ನೋಡುವುದು ನಿಮಗೇ ಒಳ್ಳೆಯದು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಹಳೇ ಫರ್ನೇಸೂ ನೀರಿನ ಹೀಟರೂ ಒಂದೇ ಹೊಗೆಗೂಡಿಗೆ ಹೊಗೆ ಬಿಡುತ್ತಿದ್ದವು ಅನ್ನಿ. ಹೊಸದು ಪಿವಿಸಿ ಪೈಪಿನದು ಬಂದರೆ ಅಷ್ಟು ದೊಡ್ಡ ಗೂಡಿಗೆ ನೀರಿನ ಹೀಟರ್ ಒಂದೇ ಉಳಿಯುತ್ತದೆ. ಅದರ ಸಣ್ಣ ಬಿಸಿಗೆ ಗೂಡು ಕಾಯುವುದಿಲ್ಲ, ಹೊಗೆ ಮೇಲೆ ಏಳದೆ ಮನೆಗೇ ವಾಪಸ್ ಬರಬಹುದು. ಗೂಡಿನೊಳಗೆ ಲೈನರ್ ಅನ್ನುವ ಸಣ್ಣ ಒಳಕೊಳವೆ ಇಳಿಸಬೇಕಾ ಅಂತ ಸಹಿ ಹಾಕುವ ಮೊದಲೇ ಕೇಳಿ. ನಮಗೆ ಕೊಟೇಶನ್ ಕೊಟ್ಟ ಮೂವರಲ್ಲಿ ಒಬ್ಬರು ಮಾತ್ರ ಇದನ್ನು ತಾವಾಗಿ ಹೇಳಿದರು. ಕೆಲಸ ಅವರಿಗೇ ಕೊಟ್ಟೆವು.

ಅಲಾರಂಗಳನ್ನೂ ಹೊಸದು ತಂದೆ. ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ 2007ರಿಂದ ಮಲಗುವ ಪ್ರತಿ ಕೋಣೆಯಿಂದ 15 ಅಡಿಯೊಳಗೆ ಒಂದು ಇರಲೇಬೇಕು ಅಂತ ಕಾನೂನಿದೆ. ಹಿಂಭಾಗದಲ್ಲಿ ತಯಾರಾದ ದಿನಾಂಕ ಇರುತ್ತದೆ. ಮಾದರಿ ನೋಡಿಕೊಂಡು ಐದರಿಂದ ಹತ್ತು ವರ್ಷಕ್ಕೆ ಬಿಸಾಡಿ ಹೊಸದು ಹಾಕಬೇಕು. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ ನೋಡಬೇಕು.

ಮಾವ ಈಗ ಮೈಸೂರಿನಲ್ಲಿದ್ದಾರೆ. ತಿಂಗಳ ಮೊದಲ ಭಾನುವಾರ ಫೋನ್ ಮಾಡಿದರೆ ಊಟ ಆಯ್ತಾ ಅಂತ ಕೇಳುವುದು ಆಮೇಲೆ. ಮೊದಲು, "ಅಳಿಯಂದ್ರೇ, ಗುಂಡಿ ಒತ್ತಿದ್ರಾ?"